ಮಧ್ಯಾಹ್ನ ಎರಡೂವರೆಯ ಗಿರಾಕಿ

ನಮ್ಮ ಮೆಡಿಕಲ್ ಶಾಪ್ ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಉಸಿರು ಬಿಡುವುದಕ್ಕೂ ಪುರುಸೊತ್ತು ಇರುವುದಿಲ್ಲ. ಸಂಜೆ ಐದರ ಮೇಲೆ ಮತ್ತೆ ಅದೇ ಗದ್ದಲ. ನಡುವೆ ಎರಡರಿಂದ ಮೂರೂವರೆವರೆಗೆ ನಮ್ಮ ಕಡೆಯ ಬಿಸಿಲಿಗೆ ಓಣಿಯಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಆ ಹೊತ್ತು ನೋಡಿಕೊಂಡು ಬರುವ ಗಿರಾಕಿಗಳೇ ಬೇರೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಕೇಳಲಾಗದ ಏನೋ ಒಂದು ಅವರಿಗೆ ಬೇಕಿರುತ್ತದೆ.

ಅವಳೂ ಹಾಗೇ ಬರುತ್ತಿದ್ದಳು. ಪ್ಯಾಂಟು, ಉದ್ದ ತೋಳಿನ ಅಂಗಿ, ತಲೆಗೆ ಟೋಪಿ. ವಯಸ್ಸು ಇಪ್ಪತ್ತೈದರ ಆಸುಪಾಸು. ಆಗ ನಾನು 'ಏನಪ್ಪಾ ತಮ್ಮಾ' ಅಂತಲೇ ಮಾತಾಡಿಸುತ್ತಿದ್ದೆ. ಕೇಳುತ್ತಿದ್ದುದು ಮಾಲಾ-ಡಿ, ಹೆಂಗಸರ ಗರ್ಭನಿರೋಧಕ ಮಾತ್ರೆ. ಮದುವೆಯಾಗಿರಬೇಕು, ಹೆಂಡತಿಗೆ ಅಂಗಡಿಗೆ ಬರಲು ನಾಚಿಕೆ ಇರಬೇಕು ಅಂದುಕೊಂಡು ಕೊಡುತ್ತಿದ್ದೆ. ಚೀಟಿ ಇಲ್ಲದೆ ಕೊಡಬಹುದಾದ ಮಾತ್ರೆ ಅದು. ಮೊದಲು ತಿಂಗಳಿಗೆ ಒಂದು ಶೀಟ್. ಆಮೇಲೆ ಎರಡು. ಆಮೇಲೆ ನಾಲ್ಕು. ಒಂದು ಶೀಟಿನಲ್ಲಿ 28 ಮಾತ್ರೆ ಇರುತ್ತವೆ, ಒಬ್ಬರಿಗೆ ತಿಂಗಳಿಗೆ ಒಂದೇ ಸಾಕು. ಲೆಕ್ಕ ತಪ್ಪುತ್ತಿದೆ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮನಸ್ಸಿಗೆ ಚುಚ್ಚುತ್ತದೆ.

2023ರ ಬೇಸಿಗೆ. ಅವಳು ಕುಂಟುತ್ತಾ ಬಂದಳು.

"ಅಕ್ಕಾ, ಕಾಲು ಭಾಳ ಸೆಳಿತೈತಿ. ನೋವಿಗೆ ಏನರ ಕೊಡ್ರಿ."

ಬಿದ್ದಿಯಾ ಅಂದೆ. ಇಲ್ಲ ಅಂದಳು. ಪ್ಯಾಂಟು ಮೇಲೆ ಮಾಡು ಅಂದೆ. ಎಡಗಾಲಿನ ಮೀನಖಂಡ ಬಿಗಿದುಕೊಂಡು ಹೊಳೆಯುತ್ತಿತ್ತು. ಕೈಯಿಟ್ಟರೆ ಬಿಸಿ. ಮೊಣಕಾಲಿನ ಪಟ್ಟಿ ಕೊಡುವಾಗ ಅಳತೆ ತೆಗೆಯೋಕೆ ಒಂದು ಟೇಪು ಇಟ್ಟುಕೊಂಡಿರುತ್ತೇವೆ. ಅದರಿಂದಲೇ ಎರಡೂ ಕಾಲು ಅಳೆದೆ. ಮೂರೂವರೆ ಸೆಂಟಿಮೀಟರ್ ವ್ಯತ್ಯಾಸ. ನನ್ನ ಎದೆ ಧಸಕ್ಕೆಂದಿತು. ಪೆಟ್ಟಿಲ್ಲದೆ ಒಂದೇ ಕಾಲು ಹೀಗೆ ಊದಿಕೊಂಡರೆ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ಏನಾದರೂ ಮಾತ್ರೆ ತಗೊಳ್ತಿದ್ದೀಯಾ ಅಂತ ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಅವಳು ಸುಮಾರು ಹೊತ್ತು ಕೌಂಟರಿನ ಗಾಜು ನೋಡುತ್ತಾ ನಿಂತಳು.

"ನೀವು ಕೊಡ್ತೀರಲ್ಲ ಅಕ್ಕಾ, ಅದನ್ನ. ನಾನ ತಗೊಳ್ಳೋದು."

"ದಿನಕ್ಕೆಷ್ಟು?"

"ನಾಕು."

ಬೇರೇನೂ ಕೇಳಲಿಲ್ಲ. ಕೇಳುವ ಹೊತ್ತೂ ಅಲ್ಲ ಅದು. ಆಸ್ಪತ್ರೆಗೆ ಹೋಗೋಣ ನಡಿ ಅಂದೆ. ಅಲ್ಲಿಯವರೆಗೆ ಮೆತ್ತಗೆ ಮಾತಾಡುತ್ತಿದ್ದವಳು ಒಮ್ಮೆಲೇ ಗಟ್ಟಿಯಾದಳು. "ಆಸ್ಪತ್ರಿ ಬ್ಯಾಡ ಅಕ್ಕಾ. ಬೇಕಾದ್ರ ಇಲ್ಲೇ ಸಾಯ್ತೀನಿ, ಅಲ್ಲಿಗೆ ಬ್ಯಾಡ."

ಮಾಲಾ-ಡಿ ಯಾಕೆ ಅಂತ ನಿಮಗೂ ಅನ್ನಿಸಿರಬಹುದು. ಗಂಡಾಗಿ ಹುಟ್ಟಿದರೂ ತಾನು ಹೆಣ್ಣು ಅಂತ ಬಲ್ಲವರು ತಮ್ಮ ದೇಹ ಹೆಣ್ಣಿನ ಹಾಗಾಗಲಿ ಅಂತ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನು ತೆಗೆದುಕೊಳ್ಳುತ್ತಾರೆ. ಅದಕ್ಕೆ ಸರಿಯಾದ ದಾರಿ ಇದೆ. ವೈದ್ಯರು ಮೊದಲು ಲಿವರ್, ಕಿಡ್ನಿ, ಸಕ್ಕರೆ, ಕೊಬ್ಬು ಎಲ್ಲ ನೋಡುತ್ತಾರೆ. ಈಸ್ಟ್ರಡಯಾಲ್ ಅನ್ನುವ, ದೇಹದಲ್ಲೇ ಇರುವಂಥ ಹಾರ್ಮೋನು ಕೊಡುತ್ತಾರೆ. ಗಂಡಿನ ಹಾರ್ಮೋನು ತಗ್ಗಿಸಲು ಇನ್ನೊಂದು ಮಾತ್ರೆ ಕೊಡುತ್ತಾರೆ. ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿ ಹೆಚ್ಚು ಕಡಿಮೆ ಮಾಡುತ್ತಾರೆ. ಗರ್ಭನಿರೋಧಕ ಮಾತ್ರೆಯಲ್ಲಿರುವುದು ಎಥಿನೈಲ್ ಈಸ್ಟ್ರಡಯಾಲ್. ಅದಕ್ಕೆ ರಕ್ತ ಹೆಪ್ಪುಗಟ್ಟಿಸುವ ಗುಣ ಜಾಸ್ತಿ. ಹೆಂಗಸರಿಗೆ ದಿನಕ್ಕೆ ಒಂದು ಮಾತ್ರೆ ಅಂತ ಲೆಕ್ಕ ಹಾಕಿ ಮಾಡಿದ್ದನ್ನು ನಾಲ್ಕು ನಾಲ್ಕು ನುಂಗಿದರೆ ಏನಾಗಬೇಕೋ ಅದೇ ಆಗಿತ್ತು.

ಅವಳಿಗೆ ಇದನ್ನು ಹೇಳಿಕೊಟ್ಟವರು ಒಬ್ಬ ಗೆಳತಿ. ಆ ಗೆಳತಿಗೆ ಇನ್ನೊಬ್ಬಳು. ಶೀಟಿನಲ್ಲಿರುವ ಬಿಳಿ ಮಾತ್ರೆ 21 ಮಾತ್ರ ನುಂಗಬೇಕು, ಕಡೆಯ ಸಾಲಿನ ಬಣ್ಣದ ಏಳು ಮಾತ್ರೆ ಬಿಸಾಡಬೇಕು ಅನ್ನುವುದೂ ಅವರಿಗೆ ಗೊತ್ತು. ಆ ಏಳು ಕಬ್ಬಿಣದ ಮಾತ್ರೆ. ನಾಲ್ಕು ಜನ ಹುಡುಗಿಯರು ತಮ್ಮ ತಮ್ಮಲ್ಲೇ ಇಷ್ಟು ಕಂಡುಹಿಡಿದುಕೊಂಡಿದ್ದರು. ಹೆಪ್ಪಿನ ವಿಷಯ ಮಾತ್ರ ಯಾರೂ ಅವರಿಗೆ ಹೇಳಿರಲಿಲ್ಲ. ಹೇಳಬೇಕಾದವಳು ಕೌಂಟರಿನ ಈಚೆ ಕೂತು ಚಿಲ್ಲರೆ ಎಣಿಸುತ್ತಿದ್ದೆ.

ಅಂಗಡಿಗೆ ಬಾಗಿಲು ಎಳೆದು ಆಟೋ ಹತ್ತಿಸಿದೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅಲ್ಲಿ ನಡೆದದ್ದು ಬೇರೆ ಎಷ್ಟೋ ಕಡೆಯೂ ನಡೆಯುತ್ತದೆ.

ಚೀಟಿ ಮಾಡಿಸುವ ಕಿಟಕಿಗೆ ಎರಡು ಸಾಲು. ಒಂದು ಗಂಡಸರದು, ಒಂದು ಹೆಂಗಸರದು. ಅವಳು ಎರಡರಲ್ಲೂ ನಿಲ್ಲಲಿಲ್ಲ, ಕಂಬಕ್ಕೆ ಒರಗಿ ನಿಂತಳು. ಹೆಂಗಸರ ಸಾಲಿನಲ್ಲಿ ನಾನು ನಿಂತೆ. ಆಧಾರ್ ಕಾರ್ಡಿನಲ್ಲಿ ಹಳೆಯ ಹೆಸರು, ಹಳೆಯ ಫೋಟೊ. ಒಳಗಿದ್ದವರು ಕಾರ್ಡು ನೋಡಿದರು, ಕಂಬದ ಕಡೆ ನೋಡಿದರು, ಮತ್ತೆ ಕಾರ್ಡು ನೋಡಿದರು. "ಗಂಡ್ಸೋ ಹೆಂಗ್ಸೋ, ಸರಿಯಾಗಿ ಹೇಳ್ರೀ" ಅಂತ ಕಿಟಕಿಯಾಚೆ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಹಿಂದಿನಿಂದ ಯಾರೋ ನಕ್ಕರು. ಕಾಲಿಗೆ ಚೀಟಿ ಬೇಕು ಸಾರ್, ಬೇಗ ಕೊಡಿ ಅಂದೆ.

ಆಮೇಲೆ ಹೊರಗಿನ ಬೆಂಚು. ವೈದ್ಯರ ಕೋಣೆಯ ಬಾಗಿಲಲ್ಲಿ ನಿಂತು ಅವಳ ಹಳೆಯ ಹೆಸರು ಕೂಗಿದರು. ಒಮ್ಮೆ, ಎರಡು ಸಲ, ಮೂರು ಸಲ. ಅವಳು ಏಳಲಿಲ್ಲ. ಎದ್ದರೆ ಆ ಹೆಸರಿಗೂ ತನಗೂ ಏನು ಸಂಬಂಧ ಅಂತ ಬೆಂಚಿನಲ್ಲಿದ್ದ ಅಷ್ಟೂ ಜನ ತಿರುಗಿ ನೋಡುತ್ತಾರೆ. ನಾನೇ ಎದ್ದು ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದೆ. ನಾವು ಬರದಿದ್ದರೆ ಆ ಚೀಟಿಯ ಮೇಲೆ 'ರೋಗಿ ಹಾಜರಿಲ್ಲ' ಅಂತ ಆಗುತ್ತಿತ್ತು. ರೋಗಿ ಎರಡು ಮಾರು ದೂರದಲ್ಲಿ ಕೂತಿದ್ದಳು.

ಒಳಗೆ ಕಾಲು ನೋಡುವ ಮೊದಲು ಬೇರೆ ಪ್ರಶ್ನೆಗಳು ಬಂದವು. ಯಾವಾಗಿನಿಂದ ಹೀಗೆ, ಮನೆಯಲ್ಲಿ ಗೊತ್ತಾ, ಆಪರೇಷನ್ ಆಗಿದೆಯಾ. ಒಬ್ಬರು ಪಕ್ಕದ ಕೋಣೆಯಿಂದ ಇನ್ನಿಬ್ಬರು ಹೌಸ್ ಸರ್ಜನ್‌ಗಳನ್ನು ಕರೆದರು. ಅಂಗಿ ಎತ್ತು ಅಂದರು. ನೋವಿದ್ದದ್ದು ಕಾಲಿನಲ್ಲಿ. ನಾನು ಗಟ್ಟಿಯಾಗಿ ಹೇಳಿದೆ, ಡಾಕ್ಟ್ರೇ, ದಿನಕ್ಕೆ ನಾಲ್ಕು ಈಸ್ಟ್ರೋಜನ್ ಮಾತ್ರೆ, ಮೀನಖಂಡ ಮೂರೂವರೆ ಸೆಂಟಿಮೀಟರ್ ಊದಿದೆ, ಡಾಪ್ಲರ್ ಸ್ಕ್ಯಾನ್ ಬೇಕು. ಆಗ ಅವರ ಮುಖ ಬದಲಾಯಿತು, ಕೆಲಸ ಚುರುಕಾಯಿತು. ಸ್ಕ್ಯಾನಿನಲ್ಲಿ ಹೆಪ್ಪು ಕಂಡಿತು. ಹೊಟ್ಟೆಗೆ ಕೊಡುವ ಇಂಜೆಕ್ಷನ್ ಅವತ್ತೇ ಶುರು ಮಾಡಿದರು. ಚಿಕಿತ್ಸೆಯಲ್ಲಿ ಏನೂ ಕೊರತೆ ಮಾಡಲಿಲ್ಲ. ನನ್ನ ಹಾಗೆ ಔಷಧದ ಭಾಷೆ ಬಲ್ಲವರು ಜೊತೆಗಿಲ್ಲದೆ ಬರುವವರ ಗತಿ ಏನು ಅಂತ ಮಾತ್ರ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ.

ರಾತ್ರಿ ವಾರ್ಡಿನ ಪ್ರಶ್ನೆ ಬಂತು. ಚೀಟಿಯಲ್ಲಿ ಗಂಡು ಅಂತ ಬರೆದದ್ದರಿಂದ ಗಂಡಸರ ವಾರ್ಡು. ಅಲ್ಲಿಗೆ ಹೋಗಲಾರೆ ಅಂತ ಅವಳು ಅತ್ತಳು. ಹೆಂಗಸರ ವಾರ್ಡಿನಲ್ಲಿ ಬೇರೆ ರೋಗಿಗಳ ಮನೆಯವರು ಒಪ್ಪಲಿಲ್ಲ. ಕೊನೆಗೆ ಲಿಫ್ಟಿನ ಪಕ್ಕ ಓಡಾಡುವ ಜಾಗದಲ್ಲಿ ಒಂದು ಮಂಚ ಹಾಕಿದರು. ಎರಡು ರಾತ್ರಿ ಅಲ್ಲೇ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯುತ್ತಿರಲಿಲ್ಲ. ಹೆಪ್ಪುಗಟ್ಟಿದ ಕಾಲಿನವರು ನೀರು ಕುಡಿಯುವುದನ್ನು ಬಿಡಬಾರದು.

ಆ ಮೊದಲ ರಾತ್ರಿ ಡ್ಯೂಟಿಗೆ ಬಂದ ಸಿಸ್ಟರ್ ಒಬ್ಬರ ಬಗ್ಗೆ ಬರೆಯಲೇಬೇಕು. ಐವತ್ತು ದಾಟಿದವರು. ಇಂಜೆಕ್ಷನ್ ಟ್ರೇ ಹಿಡಿದು ಬಂದು, ಎಲ್ಲಿಂದಲೋ ಒಂದು ಚಕ್ರದ ಪರದೆ ತಳ್ಳಿಕೊಂಡು ಬಂದು ಮಂಚದ ಸುತ್ತ ನಿಲ್ಲಿಸಿದರು. ಆಮೇಲೆ ಬಗ್ಗಿ, "ಯಾವ ಕಾಲಮ್ಮಾ? ನಿನ್ನನ್ನ ಏನಂತ ಕರೀಲಿ?" ಅಂದರು. ಅವಳು ತಾನು ಇಟ್ಟುಕೊಂಡ ಹೆಸರು ಹೇಳಿದಳು. ನಾನು ಆ ಹೆಸರು ಮೊದಲ ಸಲ ಕೇಳಿದ್ದು ಅಲ್ಲೇ. ನಾಲ್ಕೈದು ತಿಂಗಳು ಮಾತ್ರೆ ಕೊಟ್ಟ ನಾನು ಹೆಸರೇ ಕೇಳಿರಲಿಲ್ಲ ನೋಡಿ. ಸಿಸ್ಟರ್ ತಮ್ಮ ಶಿಫ್ಟಿನ ಕೇಸ್ ಶೀಟಿನ ಮೂಲೆಯಲ್ಲಿ ಪೆನ್ಸಿಲಿನಿಂದ ಆ ಹೆಸರು ಬರೆದಿಟ್ಟರು. ಬೆಳಿಗ್ಗೆ ಬಂದವರೂ ಅದೇ ಹೆಸರಿನಿಂದ ಕರೆದರು. ಒಂದು ಪೆನ್ಸಿಲ್, ಒಂದು ಪರದೆ. ಅದಕ್ಕೆ ಯಾವ ಬಜೆಟ್ಟೂ ಬೇಕಾಗಿರಲಿಲ್ಲ.

ಅವಳು ಮನೆಗೆ ಬಂದ ಮೇಲೆ ನಾನು ಓದಲು ಕೂತೆ. ಕಾನೂನು ಅಂದರೆ ನನಗೆ ಅಷ್ಟಕ್ಕಷ್ಟೇ, ಆದರೂ ಓದಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ, ಅಂದರೆ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಹಾಕಿದ್ದ ಕೇಸಿನ ತೀರ್ಪು ಕೊಟ್ಟಿತು. ತಾನು ಗಂಡೋ, ಹೆಣ್ಣೋ, ಮೂರನೆಯದೋ ಅನ್ನುವುದನ್ನು ಆ ವ್ಯಕ್ತಿಯೇ ಹೇಳಬೇಕು ಅಂದಿತು. ಆಸ್ಪತ್ರೆಗಳಲ್ಲಿ ಇವರಿಗೆ ಸರಿಯಾದ ವೈದ್ಯಕೀಯ ನೆರವು ಸಿಗುವ ಹಾಗೆ ಮಾಡಿ ಅಂತಲೂ ಸರ್ಕಾರಗಳಿಗೆ ಹೇಳಿತು. ನಮ್ಮ ರಾಜ್ಯ 2017ರಲ್ಲಿ ತನ್ನದೇ ನೀತಿ ತಂದಿತು. ಕೇಂದ್ರದ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ 15ನೇ ಕಲಮಿನಲ್ಲಿ ಹಾರ್ಮೋನು ಚಿಕಿತ್ಸೆ, ಶಸ್ತ್ರಚಿಕಿತ್ಸೆ, ಅದಕ್ಕೆ ಮುಂಚೆ ಮತ್ತು ನಂತರ ಆಪ್ತಸಲಹೆ, ಅದರ ಖರ್ಚಿಗೆ ವಿಮೆ, ವೈದ್ಯರ ಪಠ್ಯವನ್ನೇ ತಿದ್ದುವುದು, ಎಲ್ಲ ಬರೆದಿದ್ದರು. 2022ರ ಆಗಸ್ಟಿನಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅನ್ನುವ ಒಪ್ಪಂದವೂ ಆಯಿತು, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು. ಓದುತ್ತಾ ಹೋದರೆ ಅವಳಿಗೆ ಎಲ್ಲವೂ ಇದೆ.

ನಾವಿಬ್ಬರೂ ಆ 5 ಲಕ್ಷದ ಯೋಜನೆ ಹುಡುಕಿಕೊಂಡು ಮೂರು ಕಡೆ ಕೇಳಿದೆವು. ಮೂರೂ ಕಡೆ ಕೌಂಟರಿನಲ್ಲಿದ್ದವರಿಗೆ ಅದರ ಹೆಸರೇ ಹೊಸದು. ಒಬ್ಬರು ಪಾಪ, ಫೋನಿನಲ್ಲಿ ಹುಡುಕಿ, "ನಮ್ಮ ಸಿಸ್ಟಮ್ಮಿನಾಗ ಬರ್ತಾ ಇಲ್ಲ ಮೇಡಂ" ಅಂದರು. ಸುಳ್ಳು ಹೇಳುತ್ತಿರಲಿಲ್ಲ ಅವರು.

ಟಿಜಿ ಕಾರ್ಡ್, ಅಂದರೆ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಮಾತ್ರ ಅಂದುಕೊಂಡದ್ದಕ್ಕಿಂತ ಸಲೀಸಾಗಿ ಆಯಿತು. ಆನ್‌ಲೈನ್ ಅರ್ಜಿ, ಒಂದು ಅಫಿಡವಿಟ್, ಫೋಟೊ. ಜಿಲ್ಲಾಧಿಕಾರಿಗಳ ಸಹಿಯಾಗಿ ಬಂತು. ಅದಿಟ್ಟುಕೊಂಡು ಆಧಾರ್ ಬದಲಾಯಿಸಿಕೊಂಡಳು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಬಸ್ಸು ಫ್ರೀ ಆಯಿತಲ್ಲ, ಮೊದಲ ಸಲ ಆ ಸೊನ್ನೆ ರೂಪಾಯಿ ಟಿಕೆಟ್ ಸಿಕ್ಕಾಗ ಅದನ್ನು ಬಿಸಾಡದೆ ತಂದು ನನಗೆ ತೋರಿಸಿದಳು.

ಹಾರ್ಮೋನು ವೈದ್ಯರನ್ನು ಹುಡುಕುವುದಕ್ಕೆ ಎಂಟು ತಿಂಗಳು ಹಿಡಿಯಿತು. ಹತ್ತಿರದಲ್ಲಿ ಕೇಳಿದ ಕಡೆಯೆಲ್ಲ 'ನಾವು ಇಂಥ ಕೇಸ್ ನೋಡಲ್ಲ' ಅನ್ನುವ ಮಾತು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯೆ ಸಿಕ್ಕರು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಮರುದಿನ ತೋರಿಸಿಕೊಂಡು, ಮತ್ತೆ ರಾತ್ರಿ ಅದೇ ರೈಲಿಗೆ ವಾಪಸ್. ಎರಡು ದಿನದ ದುಡಿಮೆ ಹೋಯಿತು. ಹೆಪ್ಪಿನ ಕತೆ ಕೇಳಿ ಅವರು ಮಾತ್ರೆ ಬೇಡ, ಚರ್ಮಕ್ಕೆ ಹಚ್ಚುವ ಜೆಲ್ ಇರಲಿ ಅಂದರು. ಚರ್ಮದ ಮೂಲಕ ಹೋಗುವ ಈಸ್ಟ್ರಡಯಾಲ್‌ಗೆ ಹೆಪ್ಪಿನ ಅಪಾಯ ಕಡಿಮೆ. ಮಾಲಾ-ಡಿ ಶೀಟಿಗೆ ಹೋಲಿಸಿದರೆ ಅದರ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಅವಳು ಜಾಕೀಟು ಹೊಲಿಯುವ ಕೆಲಸ ಮಾಡುತ್ತಾಳೆ. ಮದುವೆ ಸೀಸನ್ ಇದ್ದ ತಿಂಗಳು ಕೊಳ್ಳುತ್ತಾಳೆ, ಆಷಾಢದಲ್ಲಿ ಕಷ್ಟ.

ರಕ್ತ ಪರೀಕ್ಷೆಯ ರಿಪೋರ್ಟು ಒಮ್ಮೆ ನೋಡಿ. ಎಡಗಡೆ ನಿಮ್ಮ ಅಂಕಿ, ಬಲಗಡೆ 'ಇಷ್ಟಿದ್ದರೆ ಸರಿ' ಅನ್ನುವ ಅಂಕಿ. ಹಿಮೋಗ್ಲೋಬಿನ್ ಗಂಡಸರಿಗೆ 13ರಿಂದ 17, ಹೆಂಗಸರಿಗೆ 12ರಿಂದ 15, ಹೆಚ್ಚು ಕಡಿಮೆ ಹಾಗೆ. ಹಾರ್ಮೋನು ತೆಗೆದುಕೊಳ್ಳುತ್ತಾ ವರ್ಷ ಕಳೆದ ಹಾಗೆ ಅವಳ ಅಂಕಿ ಹೆಂಗಸರ ಕಡೆಗೆ ಸರಿಯುತ್ತದೆ. ಲ್ಯಾಬಿನಲ್ಲಿ ಗಂಡು ಅಂತ ಹಾಕಿದರೆ 12.4ರ ಮುಂದೆ ನಕ್ಷತ್ರ ಬಂದು ರಕ್ತ ಕಡಿಮೆ ಅನ್ನುತ್ತದೆ, ಹೆಣ್ಣು ಅಂತ ಹಾಕಿದರೆ ಏನೂ ತೊಂದರೆ ಇಲ್ಲ ಅನ್ನುತ್ತದೆ. ಅದೇ ರಕ್ತ, ಅದೇ ಮೆಷೀನು. ಯಾರಿಗೆ ಯಾವ ಸಾಲು ನೋಡಬೇಕು ಅಂತ ನಮ್ಮ ಡಿಫಾರ್ಮಾ ಪುಸ್ತಕದಲ್ಲೂ ಇರಲಿಲ್ಲ, ನಾನು ಮಾತಾಡಿದ ಎಳೆಯ ವೈದ್ಯರ ಪುಸ್ತಕದಲ್ಲೂ ಇರಲಿಲ್ಲವಂತೆ.

ಇನ್ನು ಜೋಗಮ್ಮನ ಮಾತು.

ಗಂಡಾಗಿ ಹುಟ್ಟಿ ದೇವಿಯ ಸೇವೆಗೆ ಸೀರೆ ಉಟ್ಟ ಜೋಗತಿಯರು, ಅಂದರೆ ಜೋಗಪ್ಪಗಳು, ನಮ್ಮ ಸೀಮೆಯವರಿಗೆ ಹೊಸಬರಲ್ಲ. ಹೊಳೆ ದಾಟಿದರೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿ. ಮಂಗಳವಾರ, ಶುಕ್ರವಾರ ಪಡ್ಲಿಗೆ ಬುಟ್ಟಿ ಹಿಡಿದು ಅಂಗಡಿ ಅಂಗಡಿಗೆ ಬರುತ್ತಾರೆ, ಭಂಡಾರ ಹಚ್ಚಿ ಹೋಗುತ್ತಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ, 2021ರ ನವೆಂಬರಿನಲ್ಲಿ, ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ನಮ್ಮೂರೇ ಟಿವಿ ಮುಂದೆ ಕೂತು ನೋಡಿತು. ನಮ್ಮ ಓಣಿಯಲ್ಲೂ ಚಪ್ಪಾಳೆ ಹೊಡೆದರು, ಕಣ್ಣು ಒರೆಸಿಕೊಂಡರು. ಆ ಪ್ರೀತಿ ಸುಳ್ಳಲ್ಲ. ಅಷ್ಟು ಪ್ರೀತಿ ಇದ್ದ ಊರಿನಲ್ಲೇ ಒಬ್ಬ ಜೋಗಮ್ಮನಿಗೆ ವಾರ್ಡಿನಲ್ಲಿ ಮಂಚ ಸಿಗುವುದು ಯಾಕೆ ಕಷ್ಟ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ನಾನು ಹೇಳುವ ಜೋಗಮ್ಮನಿಗೆ ಅರವತ್ತು ದಾಟಿದೆ. ಕೊಡ ಹೊತ್ತು ಕುಣಿದವಳು. ಹುಲಿಗಿ, ಸವದತ್ತಿ ಅಂತ ಬರಿಗಾಲಲ್ಲಿ ನಡೆದವಳು. ಒಂದು ಮಂಗಳವಾರ ಪಡ್ಲಿಗೆ ಕೆಳಗಿಟ್ಟು, "ಅಂಗಾಲಿಗೆ ಮುಲಾಮು ಕೊಡವ್ವಾ, ಹುಣ್ಣು ಮಾಯವಲ್ದು" ಅಂದಳು. ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಎಂಟಾಣೆ ಅಗಲದ ತೂತು. ನೋವಿಲ್ಲವಂತೆ. ನೋವಿಲ್ಲ ಅಂದದ್ದೇ ನನಗೆ ಭಯ. ಬೆರಳು ಚುಚ್ಚಿ ಮೆಷೀನಿಗೆ ಹಾಕಿದೆ, 386 ತೋರಿಸಿತು.

"ಶುಗರ್ ಐತಿ ಅಂತ ಗೊತ್ತೇನಬೇ ನಿನಗ?"

"ಇಲ್ಲವ್ವಾ. ಎಚ್‌ಐವಿ ಏಳು ಸಲ ನೋಡ್ಯಾರ. ಇಲ್ಲ ಅಂದಾರ. ಶುಗರ್ ಯಾರೂ ನೋಡಿಲ್ಲ."

ಈ ಮಾತು ನನ್ನ ಮನಸ್ಸಿನಿಂದ ಹೋಗೇ ಇಲ್ಲ. ಎಚ್‌ಐವಿ ಕಾರ್ಯಕ್ರಮವನ್ನು ನಾನು ಹಳಿಯುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2014-15ರ ಸಮೀಕ್ಷೆಯಲ್ಲಿ ಹಿಜ್ರಾ ಮತ್ತು ಟ್ರಾನ್ಸ್‌ಜೆಂಡರ್ ಸಮುದಾಯದಲ್ಲಿ ಸೋಂಕು ನೂರಕ್ಕೆ 7.5 ಇತ್ತು. ದೇಶದ ವಯಸ್ಕರಲ್ಲಿ ಅದು ನೂರಕ್ಕೆ ಒಂದೂ ಇಲ್ಲ. ಆ ಕೆಲಸ ಆಗಲೇಬೇಕಿತ್ತು. ಅಷ್ಟೇ ಅಲ್ಲ, ಇವರ ಮನೆ ಬಾಗಿಲಿಗೆ ಬಂದು, ಪಕ್ಕದಲ್ಲಿ ಕೂತು, ಇವರದೇ ಸಮುದಾಯದವರನ್ನು ಕೆಲಸಕ್ಕೆ ಇಟ್ಟುಕೊಂಡು ಮಾತಾಡಿಸಿದ್ದು ಆ ಕಾರ್ಯಕ್ರಮ ಒಂದೇ. ಜೋಗಮ್ಮನೇ ಹೇಳುತ್ತಾಳೆ, ಅಲ್ಲಿ ಮಾತ್ರ ಕುರ್ಚಿ ಹಾಕಿ ಕೂಡಿಸುತ್ತಿದ್ದರು ಅಂತ. ಆದರೆ ಸರ್ಕಾರ ತೆರೆದ ಬಾಗಿಲು ಅದೊಂದೇ ಆದಾಗ ಆ ಬಾಗಿಲಿನಿಂದ ಬೇರೆ ಯಾವ ಕಾಯಿಲೆಯೂ ಒಳಗೆ ಹೋಗುವುದಿಲ್ಲ. ಇವರಿಗೂ ಬಿಪಿ ಬರುತ್ತದೆ, ಸಕ್ಕರೆ ಬರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಹಲ್ಲು ಹುಳುಕಾಗುತ್ತದೆ. ಹಲ್ಲುನೋವಿಗೆ ಹೋದವರಿಗೂ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬಾ ಅನ್ನುತ್ತಾರಂತೆ. ಯಾವ ಪರೀಕ್ಷೆ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಜೋಗಮ್ಮನ ಚೀಟಿಯ ಮೇಲೆ ಒಬ್ಬರು 'ಆಪರೇಷನ್ ಆಗಿದೆ' ಅಂತ ಕೇಳದೆಯೇ ಬರೆದಿದ್ದರು. ಆಗಿಲ್ಲ. ಜೋಗಪ್ಪಗಳ ಸಂಪ್ರದಾಯದಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಡುತ್ತಾರೆ, ಬಹಳ ಜನ ನಿರ್ವಾಣ, ಅಂದರೆ ಗಂಡಿನ ಅಂಗ ತೆಗೆಸುವ ಆಪರೇಷನ್, ಮಾಡಿಸಿಕೊಳ್ಳುವುದಿಲ್ಲ. ಹಿಜ್ರಾ ಮನೆತನಗಳ ದಾರಿ ಬೇರೆ, ಅಲ್ಲಿ ನಿರ್ವಾಣಕ್ಕೆ ದೊಡ್ಡ ಸ್ಥಾನ. ಹಿಂದೆ ದಾಯಮ್ಮನ ಕೈಯಲ್ಲಿ, ಮರಗಟ್ಟಿಸುವ ಮದ್ದೂ ಇಲ್ಲದೆ ಮಾಡಿಸಿಕೊಂಡವರು ಈಗ ಅರವತ್ತು ಎಪ್ಪತ್ತರ ವಯಸ್ಸಿನಲ್ಲಿದ್ದಾರೆ. ಮೂತ್ರದ ದಾರಿ ಕಿರಿದಾಗಿ ಗಂಟೆಗಟ್ಟಲೆ ಒದ್ದಾಡುವವರಿದ್ದಾರೆ. ಬೀಜ ತೆಗೆಸಿದ ಮೇಲೆ ಯಾವ ಹಾರ್ಮೋನೂ ಇಲ್ಲದೆ ವರ್ಷಗಟ್ಟಲೆ ಇದ್ದರೆ ಮೂಳೆ ಸವೆಯುತ್ತದೆ, ಸಣ್ಣಗೆ ಜಾರಿದರೂ ಸೊಂಟ ಮುರಿಯುತ್ತದೆ. ಆಪರೇಷನ್ ಆದವರಿಗೂ ಪ್ರಾಸ್ಟೇಟ್ ಒಳಗೇ ಇರುತ್ತದೆ. ಇದನ್ನೆಲ್ಲ ತಿಳಿಯಬೇಕಾದರೆ ವೈದ್ಯರು ನಾಚಿಕೆ ಪಡದೆ, ಹಂಗಿಸದೆ ನಾಲ್ಕು ಪ್ರಶ್ನೆ ಕೇಳಬೇಕು. ಕೇಳುವ ಪ್ರಶ್ನೆ ಕಾಯಿಲೆಗೆ ಸಂಬಂಧಪಟ್ಟದ್ದೋ ಬರೀ ಕುತೂಹಲದ್ದೋ ಅನ್ನುವುದು ಕೇಳಿಸಿಕೊಳ್ಳುವವರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು 'ಇತರೆ' ಅಂತ ಬರೆಸಿದವರು ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266. ಮನೆಗೆ ಗಣತಿಯವರು ಬಂದಾಗ ಬಾಗಿಲಲ್ಲಿ ನಿಂತು ಮಾತಾಡುವವರು ಅಪ್ಪನೋ ಅಣ್ಣನೋ ಆಗಿರುತ್ತಾರೆ. ಮಾಲಾ-ಡಿಗೆ ಬರುತ್ತಿದ್ದ ನನ್ನ ಹುಡುಗಿಯನ್ನು ಅವಳ ಅಪ್ಪ ಏನಂತ ಬರೆಸಿರಬಹುದು ಹೇಳಿ.

ಟ್ರಾನ್ಸ್ ಗಂಡಸರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ನನಗೆ ಪರಿಚಯದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೆಣ್ಣಾಗಿ ಹುಟ್ಟಿ, ಈಗ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡು ಗಡ್ಡ ಬಿಟ್ಟಿದ್ದಾನೆ. ಅಂಡಾಶಯದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಹೆರಿಗೆ ಆಸ್ಪತ್ರೆಯ ಓಪಿಡಿಯಲ್ಲಿ ಕೂತರೆ ಸೆಕ್ಯೂರಿಟಿಯವರು ಬಂದು 'ಗಂಡಸರು ಹೊರಗೆ ಕಾಯಬೇಕು' ಅಂತ ಎಬ್ಬಿಸಿದರು. ಕಂಪನಿ ಕೊಟ್ಟ ವಿಮೆಯಲ್ಲಿ ದಾಖಲೆ ಪ್ರಕಾರ ಪುರುಷ ಅಂತ ಇದೆ, ಪುರುಷರಿಗೆ ಈ ಆಪರೇಷನ್ ಬರುವುದಿಲ್ಲ ಅಂತ ಅರ್ಜಿ ವಾಪಸ್ ಬಂತು. ಹೆಸರು, ಲಿಂಗ ಬದಲಾಯಿಸಿಕೊಳ್ಳಲು ಎರಡು ವರ್ಷ ಓಡಾಡಿದ್ದ. ಆ ಕಾಗದವೇ ಅವತ್ತು ಅಡ್ಡ ಬಂತು. ಕೊನೆಗೆ ಗೆಳೆಯರು ದುಡ್ಡು ಕೂಡಿಸಿದರು.

ಮನಸ್ಸಿನ ಕಡೆಯದೂ ಒಂದು ಮಾತು ಇದೆ. ಮನೆಯವರು ಮೊದಲು ಕರೆದುಕೊಂಡು ಹೋಗುವುದು ದೇವರ ಹತ್ತಿರ, ಆಮೇಲೆ 'ಸರಿ ಮಾಡಿಸೋಕೆ' ಮನೋವೈದ್ಯರ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ತೆಗೆದಿದೆ. ಆ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಅದೇ ವರ್ಷ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ, ಹೀಗೆ ಬದಲಾಯಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಅಂತ ಹೇಳಿತು. ನನ್ನ ಹುಡುಗಿಗೆ ಹದಿನಾರರಲ್ಲಿ ಹಾಗೆ ಒಬ್ಬರು ನಿದ್ದೆ ಮಾತ್ರೆ ಕೊಟ್ಟು ಆರು ತಿಂಗಳು ಮಲಗಿಸಿದ್ದರು. ಎಸ್ಸೆಸ್ಸೆಲ್ಸಿ ಆಗ ತಪ್ಪಿದ್ದು ಮತ್ತೆ ಆಗಲೇ ಇಲ್ಲ.

ಬೇರೆ ಥರ ಮಾಡಲು ಬರುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಮಾಡಿ, ಸರ್ಕಾರಿ ಆಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಉಚಿತ ಮಾಡಿತು. ಹೈದರಾಬಾದಿನಲ್ಲಿ 2021ರಲ್ಲಿ ಮಿತ್ರ್ ಅಂತ ಒಂದು ಕ್ಲಿನಿಕ್ ಶುರುವಾಯಿತು. ಅಲ್ಲಿ ಕೆಲಸ ಮಾಡುವವರಲ್ಲಿ ಬಹುಪಾಲು ಟ್ರಾನ್ಸ್ ಸಮುದಾಯದವರೇ. ಹಾರ್ಮೋನು ಸಲಹೆ, ಮನಸ್ಸಿನ ಮಾತು, ಎಚ್‌ಐವಿ, ಸಾಮಾನ್ಯ ಜ್ವರ, ಎಲ್ಲ ಒಂದೇ ಸೂರಿನಡಿ. ಆಮೇಲೆ ಪುಣೆ, ಮುಂಬೈ ಹತ್ತಿರದ ಕಲ್ಯಾಣದಲ್ಲೂ ಆಯಿತು. ಹಣ ಬರುತ್ತಿದ್ದದ್ದು ಅಮೆರಿಕ ಸರ್ಕಾರದ ನೆರವಿನಿಂದ. 2025ರ ಜನವರಿಯಲ್ಲಿ ಅಲ್ಲಿ ಅಧ್ಯಕ್ಷರು ಬದಲಾಗಿ ವಿದೇಶಿ ನೆರವು ನಿಂತಿತು, ಮೂರೂ ಕ್ಲಿನಿಕ್ಕಿಗೆ ಬೀಗ ಬಿತ್ತು. ಹೈದರಾಬಾದಿನಲ್ಲಿ ಆಮೇಲೆ ಬೇರೆ ನೆರವು ಸಿಕ್ಕಿ ಕೆಲಸ ಮತ್ತೆ ಶುರುವಾಗಿದೆ. ನಮ್ಮ ದೇಶದ ಜನರ ಬಿಪಿ ಮಾತ್ರೆ ವಾಷಿಂಗ್ಟನ್ನಿನ ಒಂದು ಸಹಿಯ ಮೇಲೆ ನಿಂತಿತ್ತು ಅನ್ನುವುದು ನನಗೆ ನುಂಗಲಾಗದ ವಿಷಯ. ನಮ್ಮ ತಾಲೂಕು ಆಸ್ಪತ್ರೆಗಳಿವೆ, ಆಶಾ ಅಕ್ಕಂದಿರಿದ್ದಾರೆ, ಪೆನ್ಸಿಲಿನಲ್ಲಿ ಹೆಸರು ಬರೆಯುವ ಸಿಸ್ಟರ್‌ಗಳಿದ್ದಾರೆ. ಅವರಿಗೆ ಹೇಳಿಕೊಡಿ, ಸಾಕು. ವಾರಕ್ಕೊಂದು ಮಧ್ಯಾಹ್ನ ಅಂತಾದರೂ ಒಂದು ಕೋಣೆ ಬಿಟ್ಟುಕೊಡಿ.

ಈಗ ನಮ್ಮ ಅಂಗಡಿಯ ಒಳಗೆ, ಫ್ರಿಜ್ಜಿನ ಪಕ್ಕ, ಒಂದು ಬೆಂಚು ಹಾಕಿದ್ದೇನೆ. ಮಧ್ಯಾಹ್ನ ಎರಡೂವರೆಗೆ ಬಂದವರು ಅಲ್ಲಿ ಕೂರಬಹುದು. ಮಾಲಾ-ಡಿ ಕೇಳಿದರೆ ಯಾರಿಗೆ ಅಂತ ಕೇಳುವುದಿಲ್ಲ, ದಿನಕ್ಕೆಷ್ಟು ಅಂತ ಕೇಳುತ್ತೇನೆ. ಜಾಸ್ತಿ ಅಂದರೆ ಕೂರಿಸಿ ಹೆಪ್ಪಿನ ವಿಷಯ ಹೇಳುತ್ತೇನೆ, ಬೆಂಗಳೂರಿನ ಆ ವೈದ್ಯೆಯ ನಂಬರು ಕೊಡುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ಮತ್ತೆ ಬರುವುದಿಲ್ಲ, ಬೇರೆ ಅಂಗಡಿಗೆ ಹೋಗಿರುತ್ತಾರೆ.

ಜೋಗಮ್ಮ ಈಗ ಸಕ್ಕರೆ ಮಾತ್ರೆ ತಪ್ಪಿಸುವುದಿಲ್ಲ. ವಾರಕ್ಕೆರಡು ಸಲ ಡ್ರೆಸ್ಸಿಂಗ್. ಹುಣ್ಣು ಎಂಟಾಣೆಯಿಂದ ಕಡಲೆಕಾಳಿನಷ್ಟಾಗಿದೆ. ಮುಂದಿನ ಹುಣ್ಣಿಮೆಗೆ ಹುಲಿಗಿಗೆ ನಡೆದೇ ಹೋಗುತ್ತೇನೆ ಅಂತ ಹಠ. ಚಪ್ಪಲಿ ಹಾಕು ಅಂದರೆ, "ಅವ್ವನ ದಾರಿಯಾಗ ಕೆರ ಮೆಟ್ಟಂಗಿಲ್ಲ" ಅನ್ನುತ್ತಾಳೆ. ಬೈದೆ, ಕೈ ಮುಗಿದೆ, ಕೇಳಲಿಲ್ಲ.

ಹೋದ ಶುಕ್ರವಾರ ನಾನು ಗಾಯ ತೊಳೆಯುತ್ತಿದ್ದಾಗ ನನ್ನ ಹುಡುಗಿ ಬಂದಳು. ಜಾಕೀಟಿನ ಚೀಲದಿಂದ ಏನೋ ತೆಗೆದಳು. ದಪ್ಪ ಜಮಖಾನದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಡಿಗೆ ಹತ್ತಿ ತುಂಬಿ ಹೊಲಿದ ಕಾಲುಚೀಲ. ಮೇಲೆ ಹಸಿರು ಅಂಚು. ಜೋಗಮ್ಮನ ಕಾಲ ಹತ್ತಿರ ಕೂತು ಹಾಕಿ ನೋಡಿದಳು.

"ಇದು ಕೆರ ಅಲ್ಲಬೇ. ಬಟ್ಟಿ. ನೀ ಸೀರಿ ಉಡ್ತಿಯಲ್ಲ, ಹಂಗ ಇದು ಕಾಲಿಗೆ."

ಜೋಗಮ್ಮ ಕಾಲು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಕಾಲಿಂದು ಎಲ್ಲೈತಿ?" ಅಂದಳು.